ಸುರಕ್ಷಾ ಕ್ಲಿನಿಕ್‌ನ ಬೆಂಚಿನ ಮೇಲೆ ಯಾರೆಲ್ಲ ಕೂರುತ್ತಾರೆ?

ಪ್ರಶ್ನೆ: ನನಗೆ 36 ವರ್ಷ. ಬ್ಯಾಂಕಿನಲ್ಲಿ ಕೆಲಸ. ಯಜಮಾನರು ಎಂಜಿನಿಯರ್. ಮದುವೆಯಾಗಿ 11 ವರ್ಷ, 8 ವರ್ಷದ ಮಗ ಇದ್ದಾನೆ. ಗರ್ಭಕೋಶದ ಗಡ್ಡೆಯ ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿದಾಗ ವಿಡಿಆರ್‌ಎಲ್ 1:8, ಟಿಪಿಎಚ್‌ಎ ಪಾಸಿಟಿವ್ ಅಂತ ಬಂತು. ನರ್ಸಿಂಗ್ ಹೋಂನವರು ಜಿಲ್ಲಾ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ಗೆ, ಅಂದರೆ ಲೈಂಗಿಕ ರೋಗಗಳ ಸರ್ಕಾರಿ ಕ್ಲಿನಿಕ್ಕಿಗೆ, ಚೀಟಿ ಕೊಟ್ಟರು. ಅಲ್ಲಿ ಬೆಂಚಿನ ಮೇಲೆ ಕೂಲಿಯವರು, ಲಾರಿಯವರು. ಕೌನ್ಸೆಲರ್ ನನ್ನ ಕೆಲಸ, ಓದು, ಮದುವೆ ಆಗಿದೆಯಾ, ಗಂಡ ಜೊತೆಯಲ್ಲೇ ಇದ್ದಾರಾ ಅಂತೆಲ್ಲ ಕೇಳಿ ಬರೆದುಕೊಂಡರು. ಇಂಜೆಕ್ಷನ್ ತಗೊಳ್ಳದೆ ಎದ್ದು ಬಂದುಬಿಟ್ಟೆ. ಇದು ನಮ್ಮಂಥ ಮನೆಯವರಿಗೆ ಬರೋ ಕಾಯಿಲೆಯಾ? ಗಂಡನನ್ನು ಬಿಟ್ಟು ಬೇರೆಯವರನ್ನು ನಾನು ನೋಡಿದವಳಲ್ಲ. ಅವೆಲ್ಲ ಯಾಕೆ ಬರೆದುಕೊಂಡರು? ಯಾರ ಕೈಗೆ ಹೋಗುತ್ತದೆ? (ಹೆಸರು, ಊರು ಬೇಡ)

ಉತ್ತರ: ಮೊದಲು ನಿಮ್ಮ ರಿಪೋರ್ಟ್ ವಿಷಯ ಮುಗಿಸಿಬಿಡೋಣ. ಅದು ಮುಗಿಯದೆ ಉಳಿದದ್ದು ನಿಮ್ಮ ಕಿವಿಗೆ ಹೋಗೋದಿಲ್ಲ ಅಂತ ನನಗೆ ಗೊತ್ತು.

ಎರಡೂ ಪರೀಕ್ಷೆ ಪಾಸಿಟಿವ್ ಬಂದಿದೆ ಅಂದರೆ ನಿಮಗೆ ಸಿಫಿಲಿಸ್ ಅನ್ನೋ ಲೈಂಗಿಕ ರೋಗ ಇದೆ, ಅಥವಾ ಹಿಂದೆ ಯಾವಾಗಲೋ ಬಂದಿತ್ತು. ನಮ್ಮ ಹಿರಿಯರು ಪರಂಗಿ ಹುಣ್ಣು ಅನ್ನುತ್ತಿದ್ದದ್ದು ಇದನ್ನೇ. ಫಿರಂಗಿಗಳು, ಅಂದರೆ ಯುರೋಪಿನವರು, ತಂದ ರೋಗ ಅಂತ ಆ ಹೆಸರು. ಬರೀ ವಿಡಿಆರ್‌ಎಲ್ ಪಾಸಿಟಿವ್ ಆಗಿದ್ದರೆ ಬೇರೆ ಜ್ವರದಿಂದಲೋ, ಮೈಯಲ್ಲಿರುವ ಬೇರೆ ತೊಂದರೆಯಿಂದಲೋ ಇರಬಹುದು ಅಂತ ಹೇಳುತ್ತಿದ್ದೆ. ಟಿಪಿಎಚ್‌ಎ ಕೂಡ ಪಾಸಿಟಿವ್ ಆದಾಗ ಹಾಗೆ ಹೇಳೋಕಾಗಲ್ಲ. ಆದರೆ ಟಿಪಿಎಚ್‌ಎ ಒಮ್ಮೆ ಪಾಸಿಟಿವ್ ಆದರೆ ಸಾಮಾನ್ಯವಾಗಿ ಜೀವನಪೂರ್ತಿ ಹಾಗೇ ಉಳಿಯುತ್ತದೆ, ಚಿಕಿತ್ಸೆ ಆದಮೇಲೂ. ಹಾಗಾಗಿ ಕಾಯಿಲೆ ಯಾವಾಗ ಬಂತು ಅನ್ನೋದನ್ನು ಅದು ಹೇಳುವುದಿಲ್ಲ. ಈ ಮಾತನ್ನು ಎರಡು ಸಲ ಓದಿಕೊಳ್ಳಿ. ಯಾಕಂದರೆ ರಿಪೋರ್ಟ್ ಕೈಗೆ ಬಂದ ರಾತ್ರಿಯೇ "ನೀವು ಎಲ್ಲಿಗೆ ಹೋಗಿದ್ದಿರಿ" ಅಂತ ಗಂಡನ ಜೊತೆ ಜಗಳಕ್ಕೆ ನಿಂತವರನ್ನು ನಾನು ತುಂಬ ನೋಡಿದ್ದೇನೆ.

ಸಿಫಿಲಿಸ್ ವರ್ಷಗಟ್ಟಲೆ ಯಾವ ಲಕ್ಷಣವೂ ಇಲ್ಲದೆ ಮೈಯಲ್ಲಿ ಮಲಗಿರಬಲ್ಲದು. ಮೊದಲ ಹುಣ್ಣು ನೋಯುವುದಿಲ್ಲ. ಹೆಂಗಸರಲ್ಲಿ ಅದು ಎಷ್ಟೋ ಸಲ ಒಳಗೆ ಎಲ್ಲೋ ಆಗಿ ತಾನಾಗಿ ಮಾಯುತ್ತದೆ, ಗೊತ್ತೇ ಆಗುವುದಿಲ್ಲ. ಇನ್ನೊಬ್ಬರಿಗೆ ಸಂಭೋಗದಿಂದ ಹರಡುವುದು ಹೆಚ್ಚಾಗಿ ಮೊದಲ ಒಂದೆರಡು ವರ್ಷಗಳಲ್ಲಿ. ಹಾಗಾಗಿ ನಿಮ್ಮ ಯಜಮಾನರಿಗೆ ಮದುವೆಗೆ ಸ್ವಲ್ಪ ಮುಂಚೆ ಬಂದು, ಮದುವೆಯಾದ ಹೊಸದರಲ್ಲಿ ನಿಮಗೆ ದಾಟಿರಬಹುದು. ಆಮೇಲೆ ಬಂದಿರಲೂಬಹುದು. ಒಂದು ಸುಳಿವು ನಿಮ್ಮ ಮನೆಯಲ್ಲೇ ಇದೆ. ಮಗ ಹೊಟ್ಟೆಯಲ್ಲಿದ್ದಾಗಿನ ತಾಯಿ ಕಾರ್ಡ್, ಇಲ್ಲವೇ ಆಗಿನ ಆಸ್ಪತ್ರೆ ಫೈಲು ಹುಡುಕಿ. ಬಸುರಿಯರಿಗೆಲ್ಲ ವಿಡಿಆರ್‌ಎಲ್ ಮಾಡಿಸಬೇಕು ಅನ್ನೋದು ನಿಯಮ. ಆಗ ನೆಗೆಟಿವ್ ಇದ್ದರೆ ಬಹುಮಟ್ಟಿಗೆ ಇದು ಆಮೇಲೆ ಬಂದದ್ದು. ಕಾರ್ಡೇ ಸಿಗದಿದ್ದರೆ ಮಗನಿಗೂ ಒಂದು ರಕ್ತ ಪರೀಕ್ಷೆ ಮಾಡಿಸಿ. ಹೆದರಿಸಲು ಹೇಳುತ್ತಿಲ್ಲ. ತಾಯಿಗೆ ಆ ಹೊತ್ತಿಗೇ ಕಾಯಿಲೆ ಇದ್ದಿದ್ದರೆ ಮಗುವನ್ನೂ ನೋಡಿಬಿಡುವುದು ಕ್ರಮ.

ಇನ್ನು ಬೆಂಚಿನ ವಿಷಯ.

ನಾನು 20 ವರ್ಷಕ್ಕೂ ಹೆಚ್ಚು ಕಾಲ ಸರ್ಕಾರಿ ಆಸ್ಪತ್ರೆಯ ಚರ್ಮ ಮತ್ತು ಲೈಂಗಿಕ ರೋಗಗಳ ವಿಭಾಗದಲ್ಲಿ ಕೂತವಳು. ನೀವು ನೋಡಿದ ಬೆಂಚು ನನಗೆ ಚೆನ್ನಾಗಿ ಗೊತ್ತು. ಗಾರೆ ಕೆಲಸದವರು, ಲಾರಿ ಕ್ಲೀನರು, ಹೋಟೆಲಿನಲ್ಲಿ ಮಲಗಿ ಅಲ್ಲೇ ಏಳುವ ಹುಡುಗರು, ಹೂ ಮಾರುವವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ನಿಮ್ಮಂಥವರು ಅಲ್ಲಿ ಕಾಣುವುದಿಲ್ಲ ನಿಜ. ಆದರೆ ನನ್ನ ಫೋನಿನಲ್ಲಿ ಕಾಣುತ್ತಾರೆ. "ಮೇಡಂ, ನಮ್ಮವರೊಬ್ಬರು ಇದ್ದಾರೆ, ಓಪಿಡಿ ಮುಗಿದ ಮೇಲೆ ಕಳಿಸಲಾ?" ಅಂತ ಯಾರಾದರೂ ಡಾಕ್ಟರೇ ಫೋನ್ ಮಾಡುತ್ತಾರೆ. ಎರಡು ಗಂಟೆಗೆ ಹಿಂಬಾಗಿಲಿನಿಂದ ಬರುತ್ತಾರೆ. ಚೀಟಿ ಮಾಡಿಸುವುದಿಲ್ಲ, ರಿಜಿಸ್ಟರಿನಲ್ಲಿ ಹೆಸರಿಲ್ಲ. ಇನ್ನು ಕೆಲವರು ಪಕ್ಕದ ಜಿಲ್ಲೆಯ ಲ್ಯಾಬಿನಲ್ಲಿ ಬೇರೆ ಹೆಸರಲ್ಲಿ ರಕ್ತ ಕೊಟ್ಟು ರಿಪೋರ್ಟನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಕಾಯಿಲೆ ಒಂದೇ. ಬರುವ ಬಾಗಿಲು ಬೇರೆ.

ನಮ್ಮ ಪಿಜಿ ವಿದ್ಯಾರ್ಥಿಗಳು ಪ್ರಬಂಧ ಬರೆಯುವಾಗ ಇದರಲ್ಲೇ ಎಡವುತ್ತಾರೆ. ರೋಗಿಗಳನ್ನು ವರ್ಗಗಳಾಗಿ ವಿಂಗಡಿಸಲು ನಮ್ಮಲ್ಲಿ ಕುಪ್ಪುಸ್ವಾಮಿ ಮಾಪಕ ಅಂತ ಒಂದಿದೆ. 1976ರದ್ದು, ಪೇಟೆಯ ಕುಟುಂಬಗಳಿಗಾಗಿ ಮಾಡಿದ್ದು. ಮನೆಯ ಯಜಮಾನನ ಓದು, ಕೆಲಸ, ಕುಟುಂಬದ ಆದಾಯ ಮೂರಕ್ಕೂ ಅಂಕ ಕೊಟ್ಟು ಕೂಡುವುದು. ಒಟ್ಟು 29. 26 ಅಥವಾ ಹೆಚ್ಚು ಬಂದರೆ ಮೇಲ್ವರ್ಗ, 5ಕ್ಕಿಂತ ಕಡಿಮೆ ಬಂದರೆ ತೀರಾ ಕೆಳಗಿನ ವರ್ಗ, ನಡುವೆ ಮೂರು ಮೆಟ್ಟಿಲು. ಹುಡುಗರು ನೂರಿನ್ನೂರು ರೋಗಿಗಳನ್ನು ಈ ಅಳತೆಗೆ ಹಾಕುತ್ತಾರೆ. ಹೆಚ್ಚಿನವರು ಕೆಳಗಿನ ಮೆಟ್ಟಿಲುಗಳಲ್ಲಿ ಸಿಗುತ್ತಾರೆ. ಕೊನೆಗೆ "ಲೈಂಗಿಕ ರೋಗಗಳು ಕೆಳವರ್ಗದಲ್ಲಿ ಹೆಚ್ಚು" ಅಂತ ಬರೆದು ತರುತ್ತಾರೆ. ನಾನು ಆ ಸಾಲಿಗೆ ಕೆಂಪು ಗೀಟು ಎಳೆಯುತ್ತೇನೆ. ನ್ಯಾಯಬೆಲೆ ಅಂಗಡಿ ಮುಂದೆ ನಿಂತು ತಲೆ ಎಣಿಸಿ, ನಾಡಿನಲ್ಲಿ ಅಕ್ಕಿ ತಿನ್ನುವವರು ಬಡವರು ಮಾತ್ರ ಅಂದ ಹಾಗಾಯಿತು ಅದು. ಸರ್ಕಾರಿ ಕ್ಲಿನಿಕ್‌ಗೆ ಯಾರು ಬಂದರು ಅಂತ ಅಷ್ಟೇ ಆ ಲೆಕ್ಕ ಹೇಳಬಲ್ಲದು. ಯಾರಿಗೆ ಕಾಯಿಲೆ ಇದೆ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಬೇಕಿದ್ದರೆ ಮನೆಮನೆಗೆ ಹೋಗಬೇಕು.

ಆ ಮಾಪಕದಲ್ಲಿ ಇನ್ನೊಂದು ತಮಾಷೆ ಇದೆ. ಹೆಂಗಸಿನ ವರ್ಗ ಯಾವುದು ಅಂತ ತೀರ್ಮಾನ ಆಗುವುದು ಹೆಚ್ಚಾಗಿ ಗಂಡನ ಅಥವಾ ಅಪ್ಪನ ಓದು, ಕೆಲಸ ನೋಡಿ. ನೀವು ಬ್ಯಾಂಕಿನಲ್ಲಿ ಎಷ್ಟೇ ದೊಡ್ಡ ಕುರ್ಚಿಯಲ್ಲಿ ಕೂತಿದ್ದರೂ ಮನೆಯ ಯಜಮಾನ ಅಂತ ಬರೆಸುವುದು ಗಂಡನ ಹೆಸರನ್ನೇ ಅಲ್ವಾ? ಇಂಗ್ಲೆಂಡಿನಲ್ಲೂ ಬಹಳ ಕಾಲ ಹೀಗೇ ಇತ್ತು. 1911ರ ಜನಗಣತಿಯಿಂದ ಶುರುವಾದ ಅವರ ಐದು ವರ್ಗದ ಪಟ್ಟಿಯಲ್ಲಿ ಮದುವೆಯಾದ ಹೆಂಗಸನ್ನು ಗಂಡನ ಕೆಲಸದ ಪ್ರಕಾರ ಸೇರಿಸುತ್ತಿದ್ದರು.

ಹಾಗಂತ ವರ್ಗಕ್ಕೂ ಕಾಯಿಲೆಗೂ ಸಂಬಂಧವೇ ಇಲ್ಲ ಅಂತಲೂ ಹೇಳಲಾರೆ. ಸಂಬಂಧ ಇದೆ, ನೀವಂದುಕೊಂಡ ಜಾಗದಲ್ಲಿಲ್ಲ. ಚಿಕಿತ್ಸೆ ಎಷ್ಟು ಬೇಗ ಸಿಗುತ್ತದೆ ಅನ್ನೋದರಲ್ಲಿದೆ. ನಮ್ಮ ಓಪಿಡಿ ಬೆಳಗ್ಗೆ. ದಿನಗೂಲಿಯವನು ಬಂದರೆ ಅವತ್ತಿನ ಕೂಲಿ ಹೋಯಿತು. ಹಾಗಾಗಿ ಅವನು ಮೊದಲು ಮೆಡಿಕಲ್ ಶಾಪಿನಲ್ಲಿ ಕೇಳಿ ನಾಲ್ಕು ಮಾತ್ರೆ ನುಂಗುತ್ತಾನೆ. "ಉಷ್ಣ ಆಗಿದೆ" ಅಂತ ಯಾರೋ ಹೇಳಿದರು ಅಂತ ಎಳನೀರು ಕುಡಿಯುತ್ತಾನೆ. ಆಮೇಲೆ ಬಸ್‌ಸ್ಟ್ಯಾಂಡ್ ಗೋಡೆಯ ಮೇಲಿನ "ಗುಪ್ತರೋಗಗಳಿಗೆ ಸಂಪರ್ಕಿಸಿ" ಅನ್ನೋ ಪೋಸ್ಟರ್ ನೋಡಿ, ತಿಂಗಳಿಗೊಮ್ಮೆ ಲಾಡ್ಜಿನಲ್ಲಿ ರೂಮ್ ಮಾಡುವ ವೈದ್ಯನ ಹತ್ತಿರ ಹೋಗಿ ಸಾವಿರಗಟ್ಟಲೆ ಕೊಟ್ಟು ಪುಡಿ ತರುತ್ತಾನೆ. ಲೈಂಗಿಕ ರೋಗ ವಾಸಿ ಮಾಡುತ್ತೇವೆ ಅಂತ ಹಾಗೆ ಜಾಹೀರಾತು ಕೊಡುವುದು 1954ರ ಕಾನೂನಿನ ಪ್ರಕಾರವೇ ತಪ್ಪು. ಪೋಸ್ಟರ್ ಮಾತ್ರ ಇನ್ನೂ ಗೋಡೆ ಬಿಟ್ಟಿಲ್ಲ. ಇಷ್ಟೆಲ್ಲ ಆಗಿ ನಮ್ಮ ಹತ್ತಿರ ಬರುವಷ್ಟರಲ್ಲಿ ಎರಡು ಮೂರು ತಿಂಗಳು ಕಳೆದಿರುತ್ತದೆ. ಅಷ್ಟರಲ್ಲಿ ಹೆಂಡತಿಗೂ ಬಂದಿರುತ್ತದೆ. ಇಲ್ಲಿ ಕೊಡುವ ಔಷಧಿ ಪೂರ್ತಿ ಉಚಿತ. ಲಕ್ಷಣಕ್ಕೆ ತಕ್ಕಂತೆ ಬೂದು, ಹಸಿರು, ಬಿಳಿ ಅಂತ ಬಣ್ಣದ ಕಿಟ್‌ಗಳಲ್ಲಿ ಬರುತ್ತದೆ. ಉಚಿತ ಅಂತ ಅವನಿಗೆ ಯಾರೂ ಹೇಳಿರುವುದಿಲ್ಲ.

ಈಗ ನಿಮಗೆ ಹೆಚ್ಚು ಚುಚ್ಚಿದ ಪ್ರಶ್ನೆಗೆ ಬರೋಣ. ಮದುವೆ ಆಗಿದೆಯಾ?

ಮದುವೆಯಾದವಳಿಗೆ, ಗಂಡನೊಬ್ಬನನ್ನೇ ಕಂಡವಳಿಗೆ, ಇಂಥ ಕಾಯಿಲೆ ಬರಲ್ಲ ಅಂತ ನೀವು ಅಂದುಕೊಂಡಿದ್ದಿರಿ. ಒಂದು ಕಾಲದಲ್ಲಿ ಡಾಕ್ಟರುಗಳೂ ಹಾಗೇ ಅಂದುಕೊಂಡಿದ್ದರು. 1986ರಲ್ಲಿ ಚೆನ್ನೈನಲ್ಲಿ ದೇಶದ ಮೊದಲ ಎಚ್‌ಐವಿ ಸೋಂಕು ಪತ್ತೆಯಾದದ್ದು ಲೈಂಗಿಕ ವೃತ್ತಿಯ ಹೆಂಗಸರಲ್ಲಿ. ಆಮೇಲೆ ಕೆಲವು ವರ್ಷ ಎಲ್ಲರ ಕಣ್ಣೂ ಅವರ ಮೇಲೆ, ಲಾರಿ ಚಾಲಕರ ಮೇಲೆ. ಪುಣೆಯ ಲೈಂಗಿಕ ರೋಗಗಳ ಕ್ಲಿನಿಕ್‌ಗಳಲ್ಲಿ 1993ರಿಂದ 1996ರವರೆಗೆ ನಡೆದ ಒಂದು ಅಧ್ಯಯನ ಆ ಲೆಕ್ಕವನ್ನು ಬುಡಮೇಲು ಮಾಡಿತು. ಅಲ್ಲಿಗೆ ಬಂದವರಲ್ಲಿ ಸುಮಾರು 400 ಮಂದಿ ಆ ವೃತ್ತಿಯವರಲ್ಲ, ಬಹುಪಾಲು ಮನೆಯಲ್ಲಿದ್ದ ಗೃಹಿಣಿಯರು. ಅವರಲ್ಲಿ ನೂರಕ್ಕೆ 13-14 ಮಂದಿಗೆ ಎಚ್‌ಐವಿ ಇತ್ತು. ಹೆಚ್ಚಿನವರಿಗೆ ಜೀವನದಲ್ಲಿ ಒಬ್ಬನೇ ಗಂಡಸು, ಅವನು ಕಟ್ಟಿಕೊಂಡ ಗಂಡ. ಚೆನ್ನೈನಲ್ಲಿ ಆಮೇಲೆ ಎಚ್‌ಐವಿ ಇದ್ದ ಹೆಂಗಸರನ್ನು ಮಾತಾಡಿಸಿದಾಗಲೂ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಇದನ್ನೇ ಹೇಳಿದರು. ಆ ದಿನಗಳಲ್ಲಿ ನಾನು ಓದುತ್ತಿದ್ದೆ. ನಮ್ಮ ಮೇಷ್ಟ್ರು ಕ್ಲಾಸಿನಲ್ಲಿ ಈ ಅಂಕಿ ಬರೆದು ಒಂದು ನಿಮಿಷ ಸುಮ್ನೆ ನಿಂತಿದ್ದರು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2019-21) ಹಿಂದಿನ ಒಂದು ವರ್ಷದಲ್ಲಿ ಸಂಗಾತಿಯಲ್ಲದ ಬೇರೆಯವರ ಜೊತೆ ಸಂಬಂಧ ಇತ್ತು ಅಂತ ಒಪ್ಪಿಕೊಂಡ ಗಂಡಸರು ನೂರಕ್ಕೆ 4. ಹೆಂಗಸರಲ್ಲಿ ಅದು ನೂರಕ್ಕೆ ಒಂದೂ ಇಲ್ಲ, ಸುಮಾರು 0.5. ಇದು ಬಾಯಿಬಿಟ್ಟು ಹೇಳಿದವರ ಲೆಕ್ಕ ಮಾತ್ರ.

ನಮ್ಮ ಉತ್ತರ ಕರ್ನಾಟಕದ ಕಥೆಯನ್ನೂ ಇಲ್ಲಿ ಹೇಳಬೇಕು. ಬಾಗಲಕೋಟೆ ಜಿಲ್ಲೆಯಲ್ಲಿ 2003ರಲ್ಲಿ ಮನೆಮನೆಗೆ ಹೋಗಿ ಪರೀಕ್ಷೆ ಮಾಡಿದಾಗ ದೊಡ್ಡವರಲ್ಲಿ ನೂರಕ್ಕೆ ಹತ್ತಿರ ಹತ್ತಿರ 3 ಮಂದಿಗೆ ಎಚ್‌ಐವಿ ಕಂಡಿತು. ಇಡೀ ದೇಶದ ಸರಾಸರಿ ಆ ಹೊತ್ತಿನಲ್ಲಿ ನೂರಕ್ಕೆ ಒಂದೂ ಇರಲಿಲ್ಲ. ಹಳ್ಳಿಗಳನ್ನೂ ಅದು ಬಿಟ್ಟಿರಲಿಲ್ಲ. ಮಳೆ ಕೈಕೊಟ್ಟರೆ ಗೋವಾಕ್ಕೋ ಮಹಾರಾಷ್ಟ್ರಕ್ಕೋ ದುಡಿಯಲು ಹೋಗಿ ಹಬ್ಬಕ್ಕೆ ವಾಪಸಾಗುವ ಗಂಡಸರು, 1982ರ ನಿಷೇಧ ಕಾಯ್ದೆ ಬಂದಮೇಲೂ ಪೂರ್ತಿ ನಿಲ್ಲದ ದೇವದಾಸಿ ಪದ್ಧತಿ. ಎಲ್ಲ ಸೇರಿ ಹಾಗಾಗಿತ್ತು. ಆಮೇಲಿನ ವರ್ಷಗಳಲ್ಲಿ ಅಲ್ಲಿ ತುಂಬ ಕೆಲಸ ನಡೆದು ಸೋಂಕು ಇಳಿಯಿತು. ಆ ಕೆಲಸಕ್ಕೆ ಮುಂದೆ ನಿಂತವರಲ್ಲಿ ಲೈಂಗಿಕ ವೃತ್ತಿಯ ಹೆಂಗಸರೇ ಬಹಳ ಮಂದಿ. ಅವರಿಗೆ ಸಲ್ಲಬೇಕಾದ ಮರ್ಯಾದೆ ಇನ್ನೂ ಸಂದಿಲ್ಲ ಅನ್ನೋದು ನನ್ನ ಅನಿಸಿಕೆ.

ಫಾರಂನಲ್ಲಿ "ವಿಧವೆ" ಅನ್ನೋ ಕಾಲಂ ಇರುತ್ತದೆ. ವಿಧವೆಯರಲ್ಲಿ ಎಚ್‌ಐವಿ ಪ್ರಮಾಣ ಉಳಿದ ಹೆಂಗಸರಿಗಿಂತ ಬಹಳ ಜಾಸ್ತಿ. ಅದನ್ನು ನೋಡಿದ ಕೂಡಲೇ ಕೆಲವರ ತುಟಿ ಓರೆಯಾಗುತ್ತದೆ. ಗಂಡ ಸತ್ತದ್ದು ಯಾವ ಕಾಯಿಲೆಯಿಂದ ಅಂತ ಕೇಳಿದರೆ ಆಮೇಲೆ ನೆಟ್ಟಗಾಗುತ್ತದೆ. ಅವಳು ವಿಧವೆಯಾದದ್ದರಿಂದ ಕಾಯಿಲೆ ಬರಲಿಲ್ಲ. ಆ ಕಾಯಿಲೆಯೇ ಗಂಡನನ್ನು ಕೊಂಡೊಯ್ದು ಅವಳನ್ನು ಆ ಕಾಲಂಗೆ ತಂದಿತು. ಗಂಡನ ಮನೆಯವರು "ನಿನ್ನಿಂದಲೇ" ಅಂತ ಹೊರಗೆ ಹಾಕಿದವಳು "ಗಂಡನಿಂದ ದೂರ" ಅನ್ನೋ ಕಾಲಂಗೆ ಹೋಗುತ್ತಾಳೆ. ಕಾರಣ ಯಾವುದು, ಪರಿಣಾಮ ಯಾವುದು ಅಂತ ನೋಡದೆ ಈ ಕಾಲಂಗಳನ್ನು ಓದಿದರೆ ಪೂರ್ತಿ ಉಲ್ಟಾ ಅರ್ಥ ಬರುತ್ತದೆ.

ಮದುವೆಯಾಗದ ಹೆಣ್ಣುಮಕ್ಕಳು ನಮ್ಮ ರಿಜಿಸ್ಟರಿನಲ್ಲಿ ಬೆರಳೆಣಿಕೆ. ಅವರಿಗೆ ಕಾಯಿಲೆ ಬರಲ್ಲ ಅಂತಲ್ಲ, ಅವರು ಬರಲ್ಲ. ನಮ್ಮ ಡಾಕ್ಟರುಗಳು "ಮದುವೆ ಆಗಿದೆಯಾ?" ಅಂತ ಕೇಳುವುದು ನಿಜಕ್ಕೂ ಮದುವೆಯ ಬಗ್ಗೆ ಅಲ್ಲ. ಸಂಬಂಧ ಇದೆಯಾ ಅಂತ ನೇರವಾಗಿ ಕೇಳಲು ನಾಚಿಕೆ, ಅದಕ್ಕೆ ಈ ಬಳಸುದಾರಿ. "ಇಲ್ಲ" ಅಂದರೆ ಮುಂದಿನ ಪರೀಕ್ಷೆಯನ್ನೇ ಕೈಬಿಡುತ್ತಾರೆ. ಕಿಬ್ಬೊಟ್ಟೆ ನೋವಿಗೆ ಗ್ಯಾಸ್ ಮಾತ್ರೆ ಕೊಟ್ಟು ಕಳಿಸುತ್ತಾರೆ. ಒಮ್ಮೆ ಒಬ್ಬ ಕಾಲೇಜು ಹುಡುಗಿ ನಮ್ಮಲ್ಲಿಗೆ ಬಂದಿದ್ದಳು. ಪರೀಕ್ಷೆ ಮಾಡುವಾಗ ನೋಡಿದರೆ ಕಾಲುಂಗುರ ಸಡಿಲ, ಹೊಸದು. ಬಸ್‌ಸ್ಟ್ಯಾಂಡಿನಲ್ಲಿ ಕೊಂಡದ್ದಂತೆ. ಮೊದಲು ಹೋದ ಕಡೆ ಬೈಸಿಕೊಂಡಿದ್ದಳು, ಹಾಗಾಗಿ ಈ ಸಲ ತಯಾರಾಗಿ ಬಂದಿದ್ದಳು. ನಮ್ಮ ರಿಜಿಸ್ಟರಿನಲ್ಲಿ ಅವಳು ಈಗಲೂ "ವಿವಾಹಿತೆ". ಗಂಡಸರ ಜೊತೆ ಸಂಬಂಧ ಇರುವ ಗಂಡಸರಲ್ಲೂ ಎಷ್ಟೋ ಮಂದಿ ಮನೆಯವರ ಒತ್ತಾಯಕ್ಕೆ ಮದುವೆಯಾದವರು. ಅವರೂ ಅದೇ ಕಾಲಂನಲ್ಲಿ.

ನನ್ನ ಜೊತೆ ಓದಿದ ಗೆಳತಿಯೊಬ್ಬಳು ಇಂಗ್ಲೆಂಡಿನಲ್ಲಿ ಇದೇ ಕೆಲಸ ಮಾಡುತ್ತಾಳೆ. ಅಲ್ಲಿ ಕ್ಲಿನಿಕ್‌ಗೆ ಬರುವವರಲ್ಲಿ ಮದುವೆಯಾಗದವರೇ ಜಾಸ್ತಿ, ಅದರಲ್ಲೂ 25ರೊಳಗಿನವರು. ಇಲ್ಲಿ ಮದುವೆಯಾದವರೇ ಹೆಚ್ಚು. ಇದನ್ನು ನೋಡಿ ಅಲ್ಲಿ ಮದುವೆ ಕಾಪಾಡುತ್ತದೆ, ಇಲ್ಲಿ ಕಾಪಾಡಲ್ಲ ಅನ್ನಬಾರದು. ಅಲ್ಲಿ ಮದುವೆ ತಡ, ಎಷ್ಟೋ ಜನ ಆಗುವುದೇ ಇಲ್ಲ. ಇಲ್ಲಿ 30 ದಾಟುವ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲರಿಗೂ ಆಗಿರುತ್ತದೆ. ಊರೇ ಮದುವೆಯಾಗಿರುವಾಗ ಕ್ಲಿನಿಕ್‌ಗೆ ಬಂದವರೂ ಮದುವೆಯಾದವರೇ ಇರಬೇಕಲ್ಲ. ಅವಳು ರೋಗಿಗಳಿಗೆ ಕೇಳುವುದು ಕಳೆದ ಮೂರು ತಿಂಗಳಲ್ಲಿ ಸಂಗಾತಿಗಳು ಎಷ್ಟು ಮಂದಿ, ಕಾಂಡೋಮ್ ಬಳಸಿದಿರಾ, ಇಷ್ಟೇ. ಮದುವೆ ವಿಷಯ ಎತ್ತುವ ಅಗತ್ಯ ಬೀಳುವುದು ಕಡಿಮೆಯಂತೆ. ನನಗೆ ಹೊಟ್ಟೆಕಿಚ್ಚು ಬರುವುದು ಇನ್ನೊಂದಕ್ಕೆ. ಯಾರ ಚೀಟಿಯೂ ಇಲ್ಲದೆ, ಉಚಿತವಾಗಿ, ಗುಟ್ಟಾಗಿ ಚಿಕಿತ್ಸೆ ಕೊಡುವ ಕ್ಲಿನಿಕ್‌ಗಳ ಏರ್ಪಾಡು ಅಲ್ಲಿ ಶುರುವಾದದ್ದು ಮೊದಲ ಮಹಾಯುದ್ಧದ ಹೊತ್ತಿಗೇ, 1916-17ರಲ್ಲಿ. ಹಾಗಾಗಿ ಮೇಷ್ಟ್ರೂ ಕೂಲಿಯವನೂ ಒಂದೇ ಬೆಂಚಿನ ಮೇಲೆ ಕೂತು ರೂಢಿಯಾಗಿದೆ.

ಅದೇ ಬ್ರಿಟಿಷರು ನಮ್ಮಲ್ಲಿ ಬಿಟ್ಟುಹೋದದ್ದು ಬೇರೆ. 1868ರ ಕಾನೂನು ತಂದು, ಸೈನಿಕರ ಹತ್ತಿರ ಹೋಗುವ ಬಡ ಹೆಂಗಸರನ್ನು ರಿಜಿಸ್ಟರ್ ಮಾಡಿಸಿ, ಒತ್ತಾಯದಿಂದ ಪರೀಕ್ಷಿಸಿ, ಲೈಂಗಿಕ ರೋಗಕ್ಕೆಂದೇ ಇದ್ದ ಲಾಕ್ ಆಸ್ಪತ್ರೆಗಳಲ್ಲಿ ಕೂಡಿಹಾಕುತ್ತಿದ್ದರು. ಬೆಂಗಳೂರು ದಂಡಿನಲ್ಲೂ ಅಂಥ ಆಸ್ಪತ್ರೆ ಇತ್ತು. ಸೈನಿಕರಿಗೆ ಆ ಕಾನೂನು ಅನ್ವಯ ಆಗುತ್ತಿರಲಿಲ್ಲ ಅನ್ನಿ. 1888ರಲ್ಲಿ ಅದು ರದ್ದಾಯಿತು. ಆದರೆ ನಮ್ಮ ವಿಭಾಗವನ್ನು ಎಷ್ಟೋ ಆಸ್ಪತ್ರೆಗಳಲ್ಲಿ ಇವತ್ತಿಗೂ ಶವಾಗಾರದ ಹತ್ತಿರದ ಮೂಲೆಯಲ್ಲಿ ಇಡುತ್ತಾರಲ್ಲ, ಆ ಬುದ್ಧಿ ಎಲ್ಲಿಂದ ಬಂತು ಅಂತ ನಾನು ಯೋಚಿಸುತ್ತಿರುತ್ತೇನೆ.

ಹಾಗಾದರೆ ಕೌನ್ಸೆಲರ್ ಅವೆಲ್ಲ ಯಾಕೆ ಕೇಳಿದರು? ಮದುವೆಯ ಪ್ರಶ್ನೆ, ನಿಮ್ಮ ಜೊತೆ ಇನ್ಯಾರಿಗೆ ಚಿಕಿತ್ಸೆ ಬೇಕು ಅಂತ ತಿಳಿಯಲು. ಒಬ್ಬರಿಗೆ ಮಾತ್ರ ಔಷಧಿ ಕೊಟ್ಟರೆ ಇನ್ನೊಬ್ಬರ ಕಾಯಿಲೆ ಹಾಗೇ ಉಳಿಯುತ್ತದೆ. ಗಂಡ ಜೊತೆಯಲ್ಲಿದ್ದಾರಾ ಅಂತ ಕೇಳಿದ್ದು, ಅವರು ದುಬೈಯಲ್ಲೋ ಪುಣೆಯಲ್ಲೋ ಇದ್ದರೆ ಅಲ್ಲೇ ಎಲ್ಲಿ ತೋರಿಸಬೇಕು ಅಂತ ಹೇಳಿ ಕಳಿಸಲು. ಕೆಲಸ, ಓದು ಕೇಳುವುದು ಸರ್ಕಾರದ ಲೆಕ್ಕಕ್ಕೆ. ಯಾವ ಊರಿನಲ್ಲಿ ಯಾವ ಕೆಲಸದವರು ಬರುತ್ತಿಲ್ಲ ಅಂತ ಗೊತ್ತಾಗಬೇಕಲ್ಲ. ಮೇಲಕ್ಕೆ ಹೋಗುವುದು ತಿಂಗಳ ಒಟ್ಟು ಸಂಖ್ಯೆ, ಹೆಸರಲ್ಲ. ಎಚ್‌ಐವಿ ವಿಷಯದಲ್ಲಂತೂ 2017ರ ಕಾಯ್ದೆ ಇದೆ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವ ಹಾಗಿಲ್ಲ, ಫಲಿತಾಂಶವನ್ನು ಸುಮ್ಮನೆ ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ. ನಿಮ್ಮ ಬ್ಯಾಂಕಿಗಾಗಲಿ ಅತ್ತೆ ಮನೆಗಾಗಲಿ ಫೋನ್ ಹೋಗುವುದಿಲ್ಲ. ಆದರೆ ನಿಮ್ಮ ಕೌನ್ಸೆಲರ್ ಇದನ್ನೆಲ್ಲ ಮೊದಲೇ ವಿವರಿಸಿ ಆಮೇಲೆ ಪೆನ್ನು ಹಿಡಿಯಬೇಕಿತ್ತು. ಬಾಗಿಲು ಮುಚ್ಚಿ ಕೇಳಬೇಕಿತ್ತು. ಅದು ನಮ್ಮ ಕಡೆಯ ತಪ್ಪು.

ಈಗ ಮಾಡಬೇಕಾದ್ದು. ವಾಪಸ್ ಹೋಗಿ. ಬೆಂಜಥಿನ್ ಪೆನಿಸಿಲಿನ್ 24 ಲಕ್ಷ ಯೂನಿಟ್‌ನ ಇಂಜೆಕ್ಷನ್, ವಾರಕ್ಕೊಂದರಂತೆ ಮೂರು. ಕಾಯಿಲೆ ಯಾವಾಗ ಬಂತು ಅಂತ ಗೊತ್ತಿಲ್ಲದವರಿಗೆ ಇದೇ ಕ್ರಮ. ಮೊದಲು ಟೆಸ್ಟ್ ಡೋಸ್ ಕೊಡುತ್ತಾರೆ. ಎರಡು ಕುಂಡೆಗೂ ಹಂಚಿ ಚುಚ್ಚುತ್ತಾರೆ, ನೋವು ಚೆನ್ನಾಗೇ ಆಗುತ್ತದೆ. ಖಾಸಗಿಯವರು ಎಷ್ಟೋ ಮಂದಿ ಅಲರ್ಜಿ ಭಯಕ್ಕೆ ಈ ಇಂಜೆಕ್ಷನ್ ಇಟ್ಟುಕೊಳ್ಳುವುದೇ ಇಲ್ಲ, ನಿಮ್ಮನ್ನು ಅಲ್ಲಿಗೆ ಕಳಿಸಿದ್ದು ಅದಕ್ಕೇ ಇರಬೇಕು. ಅವತ್ತೇ ಎಚ್‌ಐವಿ, ಹೆಪಟೈಟಿಸ್ ಬಿ ಪರೀಕ್ಷೆಯನ್ನೂ ಮಾಡಿಸಿ. ಗರ್ಭಕೋಶದ ಆಪರೇಷನ್‌ಗೆ ಇದರಿಂದ ಅಡ್ಡಿಯಿಲ್ಲ, ಸರ್ಜನ್‌ಗೆ ತಿಳಿಸಿದರೆ ಸಾಕು.

ಯಜಮಾನರಿಗೆ ಹೇಳಲೇಬೇಕು. "ಆಪರೇಷನ್‌ಗೆ ಮುಂಚೆ ನನ್ನ ರಕ್ತದಲ್ಲಿ ಒಂದು ಸೋಂಕು ಸಿಕ್ಕಿದೆ, ಯಾವಾಗ ಬಂದದ್ದು ಅಂತ ಹೇಳೋಕಾಗಲ್ಲವಂತೆ, ಇಬ್ಬರೂ ಪರೀಕ್ಷೆ ಮಾಡಿಸಬೇಕಂತೆ" ಅಂತ ಶುರುಮಾಡಿ. ಇದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ. ಹೇಳಿದರೆ ಹೊಡೆಯುತ್ತಾರೆ, ಮನೆ ಬಿಡಿಸುತ್ತಾರೆ ಅನ್ನೋ ಭಯ ಇದ್ದರೆ ಒಬ್ಬರೇ ಹೇಳಬೇಡಿ. ಕೌನ್ಸೆಲರ್ ಹತ್ತಿರ ಆ ಭಯವನ್ನೇ ಮೊದಲು ಹೇಳಿ, ಇಬ್ಬರನ್ನೂ ಕೂರಿಸಿ ಮಾತಾಡುತ್ತಾರೆ. ಯಾರನ್ನೂ ನೋಡದೆ ಫೋನಿನಲ್ಲೇ ಕೇಳಬೇಕು ಅನ್ನಿಸಿದರೆ 1097 ಇದೆ, ಉಚಿತ. ಇಬ್ಬರ ಚಿಕಿತ್ಸೆಯೂ ಮುಗಿಯುವ ತನಕ ದೂರ ಇರಿ, ಇಲ್ಲವೇ ಕಾಂಡೋಮ್ ಬಳಸಿ.

ಆಮೇಲೆ 6, 12, 24ನೇ ತಿಂಗಳಿಗೆ ವಿಡಿಆರ್‌ಎಲ್ ಮತ್ತೆ ಮಾಡಿಸಿ, ಸಾಧ್ಯವಾದರೆ ಒಂದೇ ಲ್ಯಾಬಿನಲ್ಲಿ. 1:8 ಅಂದರೆ ರಕ್ತದ ಮಾದರಿಯನ್ನು ಎಂಟು ಪಟ್ಟು ತೆಳುಮಾಡಿದರೂ ಪಾಸಿಟಿವ್ ಅಂತ. ಅದು 1:2ಕ್ಕೆ ಇಳಿದರೆ ಒಳ್ಳೇದು. ಕೆಲವರಲ್ಲಿ ಇಳಿಯದೆ ಅಲ್ಲೇ ನಿಲ್ಲುತ್ತದೆ, ಅದಕ್ಕೆ ಗಾಬರಿ ಬೇಡ. ಏರಿದರೆ ಮಾತ್ರ ಕೂಡಲೇ ಬನ್ನಿ. ಮೂರು ಇಂಜೆಕ್ಷನ್ ನಡುವೆ ಹಬ್ಬ, ಯಾರದೋ ಮದುವೆ ಅಂತ ಊರಿಗೆ ಹೋಗಿ ತಪ್ಪಿಸಿಕೊಳ್ಳಬೇಡಿ. ಎರಡು ಇಂಜೆಕ್ಷನ್ ನಡುವೆ 14 ದಿನ ದಾಟಿದರೆ ಮತ್ತೆ ಮೊದಲನೆಯದರಿಂದ ಶುರು ಮಾಡಬೇಕಾಗುತ್ತದೆ.